ನಾಲಿಗೆಯಡಿಯ ಕೆಂಪು

ಹಾಸನದ ಬಿ.ಎಂ. ರಸ್ತೆಯಲ್ಲಿ ನನ್ನದೊಂದು ಪೇಂಟ್ ಅಂಗಡಿ ಇದೆ. ಮದುವೆಯಾದ ವರ್ಷ ಬಾಗಿಲು ತೆರೆದದ್ದು, ಅಂದಿನಿಂದ ಜನರಿಗೆ ಬಣ್ಣ ಮಾರಿಯೇ ಬದುಕಿದ್ದೇನೆ. ಹಾಗಾಗಿ ಬಣ್ಣದ ವಿಷಯ ಬಂದರೆ ನನಗೆ ಸ್ವಲ್ಪ ಜಂಬ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಆಸಾಮಿ ಯಾವ ಡಬ್ಬಿ ಕೇಳುತ್ತಾನೆ ಎಂದು ಹೇಳಬಲ್ಲೆ. ಹೊಸ ಮನೆ ಕಟ್ಟಿಸಿದವರು ಗಂಡ, ಹೆಂಡತಿ, ಅತ್ತೆ, ನಾದಿನಿ ಸಮೇತ ಬಂದು, ಶೇಡ್ ಕಾರ್ಡ್ ಮುಂದೆ ಕೂತು ಜಗಳವಾಡಿ, ಕೊನೆಗೆ ಕ್ರೀಮ್ ಕಲರ್ ಒಯ್ಯುತ್ತಾರೆ. ಕಂಪನಿಯವರು ಅದೇ ಕ್ರೀಮಿಗೆ ಇಬ್ಬನಿ, ಮುಂಜಾವು ಎಂದೆಲ್ಲ ಹೆಸರಿಟ್ಟಿರುತ್ತಾರೆ. ನನ್ನ ಪಾಲಿಗೆ ಅದು ಕ್ರೀಮೇ. ಕಪ್ಪನ್ನು ಮಾತ್ರ ಯಾರೂ ಗೋಡೆಗೆ ಕೇಳುವುದಿಲ್ಲ. ಗೇಟಿಗೆ, ಕಿಟಕಿಯ ಸರಳಿಗೆ, ಅಷ್ಟಕ್ಕೇ ಸರಿ. ಕಪ್ಪು ಮನೆಯೊಳಗೆ ಬರಬಾರದೆಂದು ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಮ್ಮ ಮನೆಯೊಳಗೆ ಅದನ್ನು ತಂದವನು ನಾನೇ. ಗೋಡೆಗಲ್ಲ, ಒಂದು ಜೊತೆ ಬೂಟಿಗೆ.

ಬೂಟು ನನ್ನ ಹೆಂಡತಿ ಇಂದುಮತಿಯದು. ಅವಳು ಬಾಗೂರಿನವಳು. ಮದುವೆಗೆ ಮುಂಚೆ ಜಿಲ್ಲೆಯ ಹುಡುಗಿಯರ ತಂಡದಲ್ಲಿ ಬಾಸ್ಕೆಟ್‌ಬಾಲ್ ಆಡುತ್ತಿದ್ದಳು. ನಾನು ದುದ್ದದಲ್ಲಿ ಬೆಳೆದವನು, ನನಗೆ ಲಗೋರಿ ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ. ಬೆಂಗಳೂರಿನ ಒಂದು ತರಬೇತಿ ಶಿಬಿರದಲ್ಲಿ ಮದ್ರಾಸಿನ ಹುಡುಗಿಯೊಬ್ಬಳಿಗೆ ಈ ಅಮೇರಿಕಾದ ಬೂಟು ಕಾಲು ಕಚ್ಚುತ್ತಿತ್ತಂತೆ. ಇಂದುಮತಿ ಮನೆಯಿಂದ ಒಯ್ದಿದ್ದ ಒಂದು ಡಬ್ಬಿ ತುಪ್ಪ ಕೊಟ್ಟು ಅದನ್ನು ಬದಲಾಯಿಸಿಕೊಂಡಳು. ಕಪ್ಪು ಮತ್ತು ಕೆಂಪು ಚರ್ಮದ್ದು, ಕಾಲಿನ ಹರಡು ಮುಚ್ಚುವಷ್ಟು ಎತ್ತರ, ಬೆರಳಿನ ಮೇಲೆ ಗಾಳಿಯಾಡಲು ಸಾಲುಸಾಲು ತೂತು. ಮದುವೆಯಾದ ಹೊಸದರಲ್ಲಿ ಅದನ್ನು ನನಗೆ ತೋರಿಸಿ, "ನೋಡಿ, ನನ್ ಕಾಲಲ್ಲಿ ಅಮೇರಿಕಾನೇ ಐತೆ" ಎಂದು ನಕ್ಕಿದ್ದಳು. ಆಮೇಲೆ ಸಿಂಧು ಹುಟ್ಟಿದಳು, ಅಂಗಡಿ ಬೆಳೆಯಿತು, ಬೂಟು ಅಟ್ಟ ಸೇರಿತು.

ನಾಲ್ಕು ವರ್ಷದ ಕೆಳಗೆ ಇಂದುಮತಿ ಕ್ಯಾನ್ಸರ್‌ನಿಂದ ತೀರಿಕೊಂಡಳು. ಸತ್ತವರ ಬಟ್ಟೆಬರೆ ಮನೆಯಲ್ಲಿರಬಾರದೆಂದು ನಮ್ಮವ್ವ ತಿಥಿ ಮುಗಿಯುತ್ತಿದ್ದಂತೆ ಸೀರೆ, ಚಪ್ಪಲಿ, ಸ್ವೆಟರು, ಕೊನೆಗೆ ಛತ್ರಿಯನ್ನೂ ಹಂಚಿಬಿಟ್ಟಳು. ನಮ್ಮವ್ವನ ಹೆಸರು ಚಿಕ್ಕಲಕ್ಷ್ಮಮ್ಮ. ಕೆಟ್ಟವಳಲ್ಲ. ಸೊಸೆಯ ಕೊನೆಯ ದಿನಗಳಲ್ಲಿ ಮಲಮೂತ್ರ ಬಾಚಿದವಳು ಅವಳೇ. ನನ್ನ ಕೈಯಲ್ಲಿ ಅದು ಆಗಿರಲಿಲ್ಲ. ಅವಳ ಕಣ್ಣಿಗೆ ಬೀಳದೆ ಉಳಿದದ್ದು ಬೂಟೊಂದೇ. ನನ್ನ ಹಳೆಯ ಬ್ರಷ್ಷುಗಳ ಜೊತೆ ಒಂದು ಚೀಲದಲ್ಲಿತ್ತು. ಧೂಳು, ಬೂಷ್ಟು ಹಿಡಿದು ಕಪ್ಪೆಲ್ಲ ಬೂದಿಯಾಗಿ, ಕೆಂಪೆಲ್ಲ ಇಟ್ಟಿಗೆಯಾಗಿ, ಅದು ಬೂಟು ಎಂದು ಯಾರೂ ಹೇಳುವಂತಿರಲಿಲ್ಲ.

ಸಿಂಧು ಡಿಗ್ರಿಗೆ ಸೇರಿದ ವರ್ಷ ಅಟ್ಟ ಹತ್ತಿ ಅದನ್ನು ಕೆಳಗಿಳಿಸಿದಳು. ಅವಳೂ ಬಾಸ್ಕೆಟ್‌ಬಾಲ್ ಆಡುವವಳು, ಅಮ್ಮನ ಎತ್ತರ. ಬೂಟಿನೊಳಗೆ ಕೈಹಾಕಿ ಬೆರಳಾಡಿಸಿದಳು.

"ಅಪ್ಪ, ಇಲ್ಲಿ ಕೈ ಹಾಕು. ಅಮ್ಮನ ಬೆರಳು ಒತ್ತಿರೋ ಗುಳಿ ಹಂಗೇ ಇದೆ" ಎಂದಳು.

ನಾನು ಕೈ ಹಾಕಿದೆ. ಇತ್ತು. ಹೆಬ್ಬೆರಳಿಗಿಂತ ಪಕ್ಕದ ಬೆರಳು ಉದ್ದ, ಇಂದುಮತಿಯದು ಹಾಗೇ. ಮನೆಯಲ್ಲಿ ಫೋಟೋ ಬೇಕಾದಷ್ಟಿವೆ. ಆದರೆ ಫೋಟೋ ಎಲ್ಲರದೂ ಗೋಡೆ ಮೇಲಿರುತ್ತದೆ. ಇದು ಬೇರೆ. ನಾನು ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಅಂದಿನಿಂದ ಆರಂಭವಾಯಿತು ನೋಡಿ ಅಪ್ಪ ಮಗಳ ಹುಚ್ಚು. ಆ ಬೂಟಿಗೂ ಒಂದು ಚರಿತ್ರೆ ಇದೆಯಂತೆ. ಸಿಂಧು ಮೊಬೈಲ್ ಹಿಡಿದು ಅಂಗಡಿಗೇ ಬಂದು ನನಗೆ ಪಾಠ ಮಾಡಿದಳು. ಅದು ಎಂಬತ್ತರ ದಶಕದ ವಿನ್ಯಾಸವಂತೆ. ಆಗ ಅಮೇರಿಕಾದಲ್ಲಿ ಆಟದ ಬೂಟೆಂದರೆ ಬಿಳಿ. ಯಾರೋ ಧೈರ್ಯ ಮಾಡಿ ಕಪ್ಪಿಗೆ ಕೆಂಪು ಕೂಡಿಸಿದರು, ತಂಡದ ಅಂಗಿಯ ಬಣ್ಣವನ್ನೇ ಕಾಲಿಗೂ ಇಳಿಸಿದರು. ಆಟದ ಮಂಡಳಿಯವರು ಬೇಡವೆಂದರು, ಬೇಡವೆಂದದ್ದಕ್ಕೇ ಜನ ಮುಗಿಬಿದ್ದು ಕೊಂಡರು. ಈಗ ಅದೇ ಬೂಟನ್ನು ಕಂಪನಿಯವರು ಮತ್ತೆ ಮತ್ತೆ ಮಾಡಿ ಮಾರುತ್ತಾರೆ. ರೆಟ್ರೋ ಅನ್ನುತ್ತಾರಂತೆ ಅದಕ್ಕೆ. ಒಂದೊಂದು ಬಣ್ಣದ ಜೋಡಣೆಗೂ ಒಂದೊಂದು ಹೆಸರು, ಒಂದೊಂದು ಕಥೆ. ಕೆಲವಕ್ಕಂತೂ ಹೊಸ ಬೂಟಿನ ಅಡಿಯ ಅಟ್ಟೆಗೆ ಹಳದಿ ಛಾಯೆ ಕೊಟ್ಟೇ ಮಾರುತ್ತಾರೆ, ಹಳೆಯದರಂತೆ ಕಾಣಲಿ ಎಂದು.

"ಗೋಡೆ ಹಳದಿಯಾಯ್ತು ಅಂತ ಜನ ನನ್ ಅಂಗಡಿಗೆ ಓಡ್ ಬತ್ತಾರೆ. ಇವ್ರು ಹಳದಿ ಮಾಡೇ ಮಾರ್ತಾರಾ? ಬುದ್ಧಿವಂತ್ರು ಕಣವ್ವ" ಎಂದೆ.

"ನಗ್ಬೇಡಪ್ಪ. ಇದನ್ನ ಸರಿ ಮಾಡೋಣ" ಎಂದಳು.

ಸರಿ ಮಾಡುವುದು ಸುಲಭವಿರಲಿಲ್ಲ. ಹಳೆಯ ಅಟ್ಟೆಯನ್ನು ಬೆರಳಲ್ಲಿ ಒತ್ತಿದರೆ ರವೆಯಂತೆ ಉದುರುತ್ತಿತ್ತು. ಸಿಂಧು ಬಹುಮಾನದ ದುಡ್ಡು ಕೂಡಿಟ್ಟುಕೊಂಡಿದ್ದಳು. ಅದರಲ್ಲಿ ಅದೇ ಬೂಟಿನ ಹೊಸ ರೆಟ್ರೋ ಜೊತೆ ತರಿಸಿದಳು. ಹಾಕಿಕೊಳ್ಳಲಿಕ್ಕಲ್ಲ, ಅದರ ಅಟ್ಟೆ ಬಿಚ್ಚಿ ಅಮ್ಮನ ಬೂಟಿಗೆ ಹಾಕಲಿಕ್ಕೆ. ಹೊಸದು, ಹಳೆಯದು ಎರಡನ್ನೂ ಅಂಗಡಿಯ ಕಟ್ಟೆ ಮೇಲೆ ಇಟ್ಟು ನೋಡಿದೆವು. ಹೊಸದರ ಮೂತಿ ದಪ್ಪ, ಹರಡಿನ ಹತ್ತಿರ ಗಿಡ್ಡ, ಚರ್ಮಕ್ಕೆ ಪ್ಲಾಸ್ಟಿಕ್ಕಿನ ಹೊಳಪು. ಕೆಂಪು ಬೇರೆಯೇ. ಹೊಸ ಕೆಂಪಿನಲ್ಲಿ ಒಂದಿಷ್ಟು ನೀಲಿ ಸೇರಿತ್ತು, ಅಂಥ ಕೆಂಪು ನನಗೆ ಮೊದಲಿಂದಲೂ ಆಗಿಬರುವುದಿಲ್ಲ. ಬಸ್‌ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯುವ ಲಕ್ಕಯ್ಯ ಎರಡೂ ಜೊತೆ ತಿರುಗಿಸಿ ನೋಡಿ, "ಒಸಾದ್ನ ಕೊಂದು ಅಳೇದ್ನ ಬದುಕಿಸ್ತೀರಾ? ನೀವೇ ಮೊದ್ಲು ಸಾ" ಎಂದು ಬೈದುಕೊಂಡೇ ಅಟ್ಟೆ ಹೊಲಿದುಕೊಟ್ಟ.

ಬಣ್ಣ ಮಾತ್ರ ನನ್ನ ಕೆಲಸ. ಸಿಂಧು ಚರ್ಮಕ್ಕೆ ಹಚ್ಚುವ ಬಣ್ಣ ತರಿಸಿದ್ದಳು, ಆದರೆ ಮೂಲ ಕೆಂಪು ಯಾವುದು ಎಂದು ತಿಳಿಯಬೇಕಲ್ಲ. ಮೇಲೆಲ್ಲ ಇಟ್ಟಿಗೆ ಬಣ್ಣ. ಲೇಸು ಬಿಚ್ಚಿ, ಬೂಟಿನ ನಾಲಿಗೆ ಮೇಲಕ್ಕೆತ್ತಿದೆ. ಅದರ ಅಡಿಯಲ್ಲಿ, ಚರ್ಮದ ಮೇಲೆ ಚರ್ಮ ಕೂತು ಬಿಸಿಲೇ ಸೋಕದ ಕಡೆ, ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಕೆಂಪು ಹಾಗೇ ಇತ್ತು. ತೊಂಡೆಹಣ್ಣಿನ ಕೆಂಪು. ತುಪ್ಪ ಕೊಟ್ಟು ಇಂದುಮತಿ ಕೈಗೆ ತೆಗೆದುಕೊಂಡ ದಿನ ಇಡೀ ಬೂಟು ಹೀಗಿದ್ದಿರಬೇಕು.

ಅದನ್ನು ಹಿಡಿಯಲು ನನಗೆ ಒಂದು ವಾರ ಬೇಕಾಯಿತು. ಟ್ಯೂಬ್‌ಲೈಟಿನಲ್ಲಿ ಬಣ್ಣ ಸುಳ್ಳು ಹೇಳುತ್ತದೆ. ಮಧ್ಯಾಹ್ನ ಅಂಗಡಿ ಮುಂದಿನ ಬಿಸಿಲಿಗೆ ತಂದು, ಚರ್ಮದ ತುಂಡಿಗೆ ಹಚ್ಚಿ, ಒಣಗಿಸಿ, ಪಕ್ಕದಲ್ಲಿಟ್ಟು ನೋಡುವುದು, ಹಳದಿ ಒಂದು ಹನಿ ಹೆಚ್ಚು, ಕಪ್ಪು ಸೂಜಿಮೊನೆಯಷ್ಟು, ಮತ್ತೆ ಹಚ್ಚುವುದು. ಗಿರಾಕಿಗಳು ಕಾಯುತ್ತಿದ್ದರು. ಕಾಯಲಿ ಎಂದೆ. ಇಂದುಮತಿ ಹೋದ ಮೇಲೆ ನಾನು ಅಷ್ಟು ಖುಷಿಯಾಗಿ ಇದ್ದದ್ದು ಅದೊಂದೇ ವಾರ.

ಕೊನೆಗೆ ಎರಡು ಕೆಂಪೂ ಒಂದಾದವು. ಬಳಿಯುವಾಗ ಸಿಂಧು ಆ ಉಗುರಿನಷ್ಟು ಜಾಗವನ್ನು ಬಿಟ್ಟಳು. "ಇದು ಅಮ್ಮನ ಕಾಲದ್ದು. ಹಂಗೇ ಇರ್ಲಿ" ಎಂದಳು. ಆಮೇಲೆ ಕಪ್ಪು. ಬೂದಿಯಾಗಿದ್ದ ಚರ್ಮದ ಮೇಲೆ ಮೂರು ಕೋಟು ಎಳೆದೆವು. ಮುಗಿಸಿ ಟಿ.ವಿ. ಸ್ಟ್ಯಾಂಡಿನ ಮೇಲಿಟ್ಟಾಗ ಅವ್ವ ಅಡುಗೆಮನೆಯಿಂದ ಬಂದು ನೋಡಿ ನಿಂತಳು.

"ಇದ್ಯಾವುದ್ಲಾ ಇಷ್ಟು ಕರ್ರಗೆ?"

"ಅಮ್ಮನ ಶೂ ಅಜ್ಜಿ. ಚೆನ್ನಾಗಿಲ್ವಾ?" ಎಂದಳು ಸಿಂಧು.

ಅವ್ವ ಇನ್ನೊಮ್ಮೆ ನೋಡಿ ಒಳಗೆ ಹೋದಳು. ನನಗದು ಮೆಚ್ಚುಗೆ ಅನ್ನಿಸಿತ್ತು. ಬಣ್ಣದ ಜಂಬ ಅಂದೆನಲ್ಲ.

ಚನ್ನರಾಯಪಟ್ಟಣದಲ್ಲಿ ಕಾಲೇಜುಗಳ ಪಂದ್ಯ ಇತ್ತು. ಸಿಂಧು ಅದೇ ಬೂಟು ಹಾಕಿಕೊಂಡು ಆಡಿದಳು. ನಾನೂ ಅಂಗಡಿ ಮುಚ್ಚಿ ಹೋಗಿದ್ದೆ. ಎಲ್ಲರ ಕಾಲಲ್ಲೂ ಗಿಳಿಹಸಿರು, ನಿಂಬೆಹಳದಿ. ಇವಳೊಬ್ಬಳ ಕಾಲಲ್ಲಿ ಕಪ್ಪು ಕೆಂಪು. ಬಾಗೂರಿನಿಂದ ಅವಳ ಸೋದರಮಾವಂದಿರು ಬಂದು ಕೂತಿದ್ದರು, ಅಕ್ಕನನ್ನೇ ನೋಡಿದಂತಾಯಿತು ಎಂದು ಕಣ್ಣೊರೆಸಿಕೊಂಡರು. ಆಟ ಮುಗಿಯಲು ಸ್ವಲ್ಪ ಹೊತ್ತಿರುವಾಗ ಸಿಂಧು ಚೆಂಡಿಗಾಗಿ ಮೇಲೆ ಹಾರಿದಳು, ಕೆಳಗಿಳಿಯುವಾಗ ಕಾಲು ಸೊಟ್ಟಗೆ ಊರಿತು. ಟಪ್ ಎಂದ ಸದ್ದು ನನಗೆ ಗ್ಯಾಲರಿಯಲ್ಲಿ ಕೇಳಿಸಿತು. ಮಂಡಿಯೊಳಗಿನ ಲಿಗಮೆಂಟ್ ಹರಿದಿತ್ತು. ಆಪರೇಷನ್ ಮಾಡಬೇಕು, ಆಮೇಲೂ ಬಹಳ ತಿಂಗಳು ಜೋಪಾನ ಮಾಡಬೇಕು, ಮತ್ತೆ ಆಡಬಹುದು, ಆಡದೆಯೂ ಇರಬಹುದು ಎಂದರು ಹಾಸನದ ಡಾಕ್ಟರು.

ಬೂಟಿನಿಂದ ಆದದ್ದಲ್ಲ. ಡಾಕ್ಟರೇ ಹೇಳಿದರು, ಯಾವ ಬೂಟು ಹಾಕಿದ್ದರೂ ಆಗಬಹುದಾಗಿತ್ತು ಎಂದು. ಆದರೆ ಅವ್ವನಿಗೆ ಡಾಕ್ಟರು ಬೇಕಾಗಿರಲಿಲ್ಲ. ಸತ್ತವಳ ಮೆಟ್ಟು, ಅದೂ ಕರಿ ಬಣ್ಣದ್ದು, ಮೊಮ್ಮಗಳ ಕಾಲಿಗೆ ಏರಿದ ಮೊದಲ ಪಂದ್ಯದಲ್ಲೇ ಕಾಲು ಮುರಿಯಿತು. ಅವಳಿಗೆ ಲೆಕ್ಕ ಅಷ್ಟಕ್ಕೇ ಸರಿಹೋಗಿತ್ತು.

ಅವಳು ಬಸ್ ಹತ್ತಿ ಅರಕಲಗೂಡಿಗೆ ಹೋಗಿ ವೆಂಕಟರಾಮಯ್ಯನವರನ್ನು ಕಂಡು ಬಂದಳು. ಅವರು ರಿಟೈರಾದ ಮೇಷ್ಟ್ರು, ಜಾತಕ ನೋಡುತ್ತಾರೆ, ಯಾರಿಂದಲೂ ಏನೂ ತೆಗೆದುಕೊಳ್ಳುವುದಿಲ್ಲ. ಅಂಥವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ. ಹುಡುಗಿಗೆ ಶನಿಕಾಟ ನಡೀತಿದೆ, ಹೆದರಬೇಡಿ, ಅವಳು ಮೆಟ್ಟಿದ ಕಪ್ಪು ಪಾದರಕ್ಷೆ ಒಂದು ಜೊತೆ ಶನಿಮಹಾತ್ಮನ ಸನ್ನಿಧಿಯಲ್ಲಿ ಬಿಟ್ಟು ಬನ್ನಿ ಎಂದಿದ್ದರು. ನಮ್ಮ ಕಡೆ ಇದು ಹೊಸದೇನಲ್ಲ. ಕಾಲಲ್ಲಿದ್ದ ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲಿ ಮನೆಗೆ ಬಂದರೆ ಹಿಡಿದ ಪೀಡೆ ಅಲ್ಲೇ ಉಳಿಯುತ್ತದೆ ಎಂದು ನಂಬಿಕೆ. ಹೊಳೆನರಸೀಪುರದಿಂದ ಮುಂದೆ, ಹೇಮಾವತಿಯ ದಂಡೆಯಲ್ಲಿ ಅಂಥದ್ದೊಂದು ಚಿಕ್ಕ ಗುಡಿ ಇದೆ.

ಅವ್ವ ಸಿಂಧುವನ್ನು ಕರೆದಳು. ಸಿಂಧು ನಕ್ಕುಬಿಟ್ಟಳು. "ಅಜ್ಜಿ, ಈ ಕಾಲಲ್ಲಿ ನಾನು ಹೊಳೆ ಮೆಟ್ಲು ಇಳೀಲಾ? ನನ್ನ ಹಳೇ ಕರಿ ಚಪ್ಲಿ ಇದೆ, ಬೇಕಾದ್ರೆ ಅದನ್ನ ತಗೊಂಡ್ಹೋಗಿ ಬಿಡು" ಎಂದಳು. ನಾನೂ ಹಾಗೇ ಅಂದೆ. ಅವ್ವ ಆಯ್ತು ಎಂದಳು. ಅಲ್ಲಿಗೆ ಮುಗಿಯಿತು ಅಂದುಕೊಂಡೆವು.

ಶುಕ್ರವಾರ ಆಪರೇಷನ್ ಆಯಿತು. ನಾನು ಮಗಳ ಹತ್ತಿರ ನರ್ಸಿಂಗ್ ಹೋಮಿನಲ್ಲೇ ಉಳಿದೆ. ಮಾರನೆಯ ದಿನ ಅವ್ವ ಊಟ ತರಲಿಲ್ಲ, ಪಕ್ಕದ ಮನೆ ಕಾಮಾಕ್ಷಮ್ಮನ ಕೈಲಿ ಕಳಿಸಿದಳು. ಸುಸ್ತಾಗಿರಬೇಕು ಎಂದುಕೊಂಡೆ. ಭಾನುವಾರ ಸಿಂಧುವನ್ನು ಮನೆಗೆ ಕರೆತಂದೆವು. ಮಂಡಿಯಿಂದ ಮೇಲೆ ಕೆಳಗೆ ಪಟ್ಟಿ ಬಿಗಿದಿದ್ದರು, ಕಾಲು ಮಡಿಸುವಂತಿರಲಿಲ್ಲ. ಊರುಗೋಲು ಹಿಡಿದು ಬಾಗಿಲು ದಾಟಿದವಳೇ ಮೊದಲು ನೋಡಿದ್ದು ಟಿ.ವಿ. ಸ್ಟ್ಯಾಂಡಿನ ಕಡೆ. ಅಲ್ಲಿ ಬೂಟಿರಲಿಲ್ಲ.

ಅವ್ವ ನೆಲದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳ ಎರಡೂ ಪಾದಕ್ಕೆ ಅರಿಶಿನ ಹಚ್ಚಿತ್ತು, ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು.

"ಅಜ್ಜಿ, ಶೂ ಎಲ್ಲಿ?"

"ಬುಟ್ಬುಟ್ ಬಂದೆ ಕಣವ್ವ" ಎಂದಳು ಅವ್ವ, ತಲೆ ಎತ್ತದೆ. "ಶನಿಮಾತ್ಮನ ತಾವ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಸಿಂಧುಗೆ ಹಿಡಿಯಲಿಲ್ಲ. ಅವಳು ಅಲ್ಲೇ ಗೋಡೆಗೆ ಒರಗಿದಳು.

"ನಾನು ಚಪ್ಲಿ ತಗೊಂಡ್ಹೋಗು ಅಂದಿದ್ನಲ್ಲ ಅಜ್ಜಿ!"

"ನಿನ್ ಕಾಲ್ ಮುರ್ದಿದ್ದು ಚಪ್ಲೀನಾ? ಯಾವ್ದು ಮುರೀತೋ ಅದ್ನೇ ಬುಡ್ಬೇಕು ಕಣ್ ಮಗ. ಕೈನಾಗೆ ತಕ್ಕೊಂಡೋಗಿ ಎಸೆದ್ರೆ ಆಗಾಕಿಲ್ಲ, ಕಾಲ್ನಿಂದ ಬುಡ್ಬೇಕು. ನೀನು ಬರ್ನಿಲ್ಲ. ಅದ್ಕೇ ನಾನೇ ಆಕ್ಕಂಡು ಓದೆ."

ಹಾಕಿಕೊಂಡು ಹೋದಳಂತೆ! ಎಪ್ಪತ್ತೈದು ದಾಟಿದ ಮುದುಕಿ. ಜೊತೆಗೆ ಹೋಗಿದ್ದ ಅವಳ ತಂಗಿ ಸಣ್ಣಕ್ಕ ಆಮೇಲೆ ಎಲ್ಲ ಹೇಳಿದಳು. ಬೂಟು ದೊಡ್ಡದಾಗಿ, ಮುಂದಕ್ಕೆ ಹಳೆ ಬಟ್ಟೆ ತುರುಕಿ, ಲೇಸು ಕಟ್ಟಲು ಬಾರದೆ ಕರುವಿಗೆ ಹಗ್ಗ ಹಾಕಿದಂತೆ ಸುತ್ತಿ ಗಂಟು ಹಾಕಿದರಂತೆ. ಬಸ್ಸಿನಲ್ಲಿ ಸೀರೆಯ ಕೆಳಗೆ ಬೂಟು ನೋಡಿದ ಕಂಡಕ್ಟರ್, "ಏನಜ್ಜಿ, ಮ್ಯಾಚು ಎಲ್ಲಿ?" ಎಂದು ಕೇಳಿದನಂತೆ. ಬಸ್ಸಿಗೆ ಬಸ್ಸೇ ನಕ್ಕಿತಂತೆ. ಅವ್ವ ಟಿಕೆಟ್ ಹಿಡಿದುಕೊಂಡು ಕಿಟಕಿಯಾಚೆ ನೋಡುತ್ತ ಕೂತಿದ್ದಳಂತೆ. ಬರುವಾಗ ಬರಿಗಾಲು. ಕೇಳಿದಾಗ ನನಗೂ ಒಂದು ಕ್ಷಣ ನಗು ಬಂತು, ಬಂದದ್ದಕ್ಕೆ ನನ್ನ ಮೇಲೇ ಅಸಹ್ಯವಾಯಿತು.

ಆದರೆ ಅದೆಲ್ಲ ಆಮೇಲಿನ ಮಾತು. ಆ ಹೊತ್ತಿಗೆ ನಾನು ಕೂಗಾಡಿದೆ. ಅದು ಇಂದುಮತಿಯದು ಅಂತ ನಿಂಗೆ ಗೊತ್ತಿರಲಿಲ್ವಾ, ಮನೇಲಿ ಅವಳದು ಅಂತ ಉಳಿದದ್ದು ಅದೊಂದೇ ಅಂತ ಗೊತ್ತಿರಲಿಲ್ವಾ ಎಂದೆ. ಅವ್ವ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತು ಕಣ್ಲಾ. ಅದು ಅಟ್ಟದ್ ಮ್ಯಾಲೆ ಇದ್ದಿದ್ದೂ ನಂಗೆ ಗೊತ್ತಿತ್ತು. ಬೂದಿ ಬಣ್ಣ ಇತ್ತು, ಇರ್ಲಿ ಬುಡು, ಗಂಡ ಮಗಳು ನೋಡ್ಕತಾರೆ ಅಂತ ಸುಮ್ಕಿದ್ದೆ. ನೀವೇ ಅಲ್ವೇನ್ಲಾ ಅಪ್ಪ ಮಗಳು ಕೂತ್ಕಂಡು ಕರ್ರಗೆ ಬಳ್ದಿದ್ದು? ನೀವ್ ಬಳೀದಿದ್ರೆ ನಾನು ಮುಟ್ತಿದ್ನಾ?"

ಅಟ್ಟದಲ್ಲಿ ಬೂದಿಯಾಗಿಯೇ ಇದ್ದಿದ್ದರೆ ಅದು ನಮ್ಮ ಮನೆಯಲ್ಲೇ ಇರುತ್ತಿತ್ತು. ನಾನು ಒಂದು ವಾರ ಬಿಸಿಲಲ್ಲಿ ನಿಂತು ಬಣ್ಣ ಕೂಡಿಸಿ ಅದನ್ನು ಮನೆಯಿಂದ ಹೊರಗೆ ಹಾಕಿದ್ದೆ.

ಸಿಂಧು ಕೂಗಾಡಲಿಲ್ಲ. "ಅಜ್ಜಿ, ಅದರ ಒಳಗೆ ಅಮ್ಮನ ಬೆರಳಿತ್ತು. ನಾಲಿಗೆ ಕೆಳಗೆ ಒಂದು ಚೂರು ಜಾಗ ಬಿಟ್ಟಿದ್ದೆ, ಬಣ್ಣ ಹಚ್ಚದೆ. ಅದು ಬೇರೆ ಎಲ್ಲೂ ಸಿಗಲ್ಲ" ಎಂದಳು. ಹೇಳುತ್ತಲೇ ಕಣ್ಣೊರೆಸಿಕೊಂಡಳು.

ಅವ್ವ ಆಗ ಮುಖ ಎತ್ತಿದಳು. ಅವಳೂ ಅಳುತ್ತಿದ್ದಳು, ನಾನು ನೋಡಿರಲಿಲ್ಲ. "ಅವ್ಳ ಮ್ಯಾಲೆ ನಂಗೆ ಸಿಟ್ಟಾ ಮಗ? ನನ್ ಮಡ್ಲಲ್ಲೇ ಪ್ರಾಣ ಬುಟ್ಟೋಳು. ನಿನ್ ಕೈ ಇಡ್ಸಿ, ಅತ್ತೆ, ಇವ್ಳ ನೋಡ್ಕಳಿ ಅಂದೋಳು. ನೋಡ್ಕತಾ ಇವ್ನಿ. ನಂಗೆ ಗೊತ್ತಿರೋದು ಇಷ್ಟೇಯ."

ಸಿಂಧು ತಿರುಗಿ ನನ್ನನ್ನು ನೋಡಿದಳು. "ಅಪ್ಪ, ಈಗ್ಲೇ ಹೋಗಿ ತರೋಣ. ಇನ್ನೂ ಅಲ್ಲೇ ಇರತ್ತೆ."

"ತಕ್ಕೊಂಡ್ ಬಾ ಓಗ್ಲಾ" ಎಂದಳು ಅವ್ವ ಸೆರಗಿನಲ್ಲಿ ಮೂಗು ಒರೆಸಿಕೊಂಡು. "ನಾನು ಬ್ಯಾಡ ಅನ್ನಾಕಿಲ್ಲ. ಒಪ್ಪಿಸಿದ್ದ ವಾಪಸ್ ತಂದು ನಾಳೆ ಏನಾರ ಆದ್ರೆ, ನನ್ನ ಕೇಳ್ಬ್ಯಾಡ, ಅಷ್ಟೇಯ."

ಬೇಡ ಎಂದಿದ್ದರೆ ಚೆನ್ನಾಗಿತ್ತು. ಜಗಳವಾಡಿ ಹೋಗಿಬಿಡುತ್ತಿದ್ದೆ. ನಾನು ಹೊರಗೆ ಬಂದು ವೆಂಕಟರಾಮಯ್ಯನವರಿಗೆ ಫೋನ್ ಮಾಡಿದೆ. ಬೈಯಬೇಕೆಂದೇ ಮಾಡಿದ್ದು. ಅವರು ವಿಷಯ ಕೇಳಿ ಬಹಳ ನೊಂದುಕೊಂಡರು. "ಅಯ್ಯೋ, ಯಾವುದಾದರೂ ಹಳೇ ಚಪ್ಪಲಿ ಸಾಕಾಗಿತ್ತಲ್ಲಪ್ಪ, ನಿಮ್ಮ ತಾಯಿ ಕೇಳಲೇ ಇಲ್ಲ" ಎಂದರು. ವಾಪಸ್ ತರಬಹುದಾ ಎಂದೆ. "ಬಿಟ್ಟಿದ್ದನ್ನು ತರುವ ಪದ್ಧತಿ ಇಲ್ಲ. ಆದರೆ ನಿಮಗೆ ನಂಬಿಕೆ ಇಲ್ಲದಿದ್ದರೆ ಪದ್ಧತಿ ಏನು ಮಾಡೀತು? ನಿಮ್ಮ ಮನಸ್ಸು ಒಪ್ಪಿದರೆ ತನ್ನಿ" ಎಂದರು. ಅವರೂ ತಡೆಯಲಿಲ್ಲ.

ಸೋಮವಾರ ಬೆಳಿಗ್ಗೆ ಕಾರು ತೆಗೆದೆ. ನೀನು ಬರಬೇಡ ಎಂದರೂ ಸಿಂಧು ಹಿಂದಿನ ಸೀಟಿನಲ್ಲಿ ಕಾಲು ಉದ್ದಕ್ಕೆ ಚಾಚಿ ಕೂತಳು. ದಾರಿಯುದ್ದಕ್ಕೂ ನಾನು ಒಂದೇ ಸಮನೆ ಮಾತಾಡಿದೆ. ಕಂಪನಿಯವರು ಮತ್ತೆ ಆ ಬೂಟು ಬಿಡುತ್ತಾರಲ್ಲ, ಅದನ್ನೇ ತಂದು, ನಮ್ಮ ಕೆಂಪನ್ನೇ ಹಚ್ಚಿಬಿಡೋಣ, ಬಣ್ಣದ ಅಳತೆಯಂತೂ ನನಗೆ ಗೊತ್ತಿದೆ ಎಂದೆ. ಅವಳು ಕನ್ನಡಿಯಲ್ಲಿ ಒಮ್ಮೆ ನನ್ನನ್ನು ನೋಡಿ ಕಣ್ಣು ಮುಚ್ಚಿಕೊಂಡಳು. ಹೊಳೆನರಸೀಪುರ ದಾಟುವ ಹೊತ್ತಿಗೆ ನನ್ನ ಮಾತೂ ಮುಗಿದಿತ್ತು.

ಗುಡಿಯ ಹತ್ತಿರ ಯಾರೂ ಇರಲಿಲ್ಲ. ಎಳ್ಳೆಣ್ಣೆ, ಬತ್ತಿ ಮಾರುವ ಸಿದ್ದೇಶ್ವರ ಎಂಬಾತ ಒಬ್ಬನೇ ತನ್ನ ಪೆಟ್ಟಿಗೆ ಅಂಗಡಿಯಲ್ಲಿ ಕೂತಿದ್ದ. ಹೊಳೆಯ ಮೆಟ್ಟಿಲ ಪಕ್ಕದಲ್ಲಿ ಪಾದರಕ್ಷೆಗಳ ರಾಶಿ. ಹವಾಯಿ ಚಪ್ಪಲಿ, ಸ್ಕೂಲ್ ಶೂ, ಹಿಮ್ಮಡಿ ಎತ್ತರದ ಸ್ಯಾಂಡಲ್, ಕೂಸುಗಳ ಪೀಪಿ ಬೂಟು. ಅಷ್ಟೂ ಕಪ್ಪು. ಇಷ್ಟು ಜನರಿಗೆ ಇಷ್ಟು ಭಯವೇ ಅನ್ನಿಸಿತು ನನಗೆ.

ಹುಡುಕಬೇಕಾಗಲಿಲ್ಲ. ರಾಶಿಯಲ್ಲಿ ಕೆಂಪು ಇದ್ದದ್ದು ನಮ್ಮದೊಂದಕ್ಕೇ. ಅವ್ವ ಅದನ್ನು ಎಸೆದಿರಲಿಲ್ಲ. ರಾಶಿಯ ಅಂಚಿನಲ್ಲಿ, ಪಕ್ಕಪಕ್ಕಕ್ಕೆ, ಮೂತಿ ಹೊಳೆಯ ಕಡೆ ಮಾಡಿ ಜೋಡಿಸಿಟ್ಟಿದ್ದಳು. ಮಂಜಿಗೆ ಒದ್ದೆಯಾಗಿತ್ತು, ಬಣ್ಣ ಒಂದಿಷ್ಟೂ ಹೋಗಿರಲಿಲ್ಲ.

"ಯಾರೂ ಮುಟ್ಟಾಕಿಲ್ಲ ಸಾ ಇವ್ನ" ಎಂದ ಸಿದ್ದೇಶ್ವರ, ನಾವು ನೋಡುತ್ತಿದ್ದುದನ್ನು ಕಂಡು. "ನಿಮ್ದಾ? ಬೇಕಾದ್ರೆ ತಕ್ಕಳಿ, ಕೇಳೋರಿಲ್ಲ. ಈಗ ಟ್ರ್ಯಾಕ್ಟರ್ ಬತ್ತದೆ. ರಾಶಿ ತುಂಬ್ತಲ್ಲ, ಒತ್ಕೊಂಡೋಗಿ ಸುಟ್ಬುಡ್ತಾರೆ."

ಸಿಂಧು ಊರುಗೋಲು ಊರಿಕೊಂಡು ರಾಶಿಯ ಹತ್ತಿರ ಹೋಗಿ ನಿಂತಳು. ಬೂಟು ಅವಳ ಕಾಲ ಬುಡದಲ್ಲೇ ಇತ್ತು. ಆದರೆ ಕಾಲು ಮಡಿಸುವಂತಿಲ್ಲ, ಬಗ್ಗುವಂತಿಲ್ಲ.

"ಎತ್ಕೊಡಪ್ಪ" ಎಂದಳು.

ನಾನು ಮುಂದೆ ಹೋದೆ. ಸೊಂಟ ಬಗ್ಗಿಸಿದೆ. ಕೈ ಚಾಚಿದೆ.

ನಾನು ದೇವರನ್ನೇ ಅಷ್ಟಾಗಿ ನಂಬುವವನಲ್ಲ. ಅಂಗಡಿಯಲ್ಲಿ ಪೂಜೆ ಮಾಡುವುದು ಆಯುಧಪೂಜೆಗೆ ಒಂದು ದಿನ, ಅದೂ ಪಕ್ಕದ ಅಂಗಡಿಯವರು ಮಾಡುತ್ತಾರೆಂದು. ಶನಿ ಅಂದರೆ ಆಕಾಶದಲ್ಲಿರುವ ಒಂದು ಗ್ರಹ ಎಂದು ಸಿಂಧುಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವನೂ ನಾನೇ. ಆ ಬೂಟಿನಲ್ಲಿ ಚರ್ಮ, ದಾರ, ನನ್ನ ಬಣ್ಣ ಬಿಟ್ಟರೆ ಬೇರೇನೂ ಇಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಕೈ ಅಲ್ಲೇ ನಿಂತುಬಿಟ್ಟಿತು. ಇಂದುಮತಿಗೆ ಮೊದಲು ಹೊಟ್ಟೆನೋವು ಬಂದಾಗ ಗ್ಯಾಸ್ಟ್ರಿಕ್ ಬಿಡು ಎಂದಿದ್ದೆವು. ಏನೂ ಆಗಲ್ಲ ಎಂದು ಎಲ್ಲರಿಗೂ ಧೈರ್ಯ ಹೇಳಿಕೊಂಡು ತಿರುಗಿದ್ದೆ. ಈಗ ನನಗೆ ಇರುವುದು ಇವಳೊಬ್ಬಳು. ಮಂಡಿಯ ಗಾಯ ಇನ್ನೂ ಹಸಿ. ಕೀವು ಕಟ್ಟಬಹುದು, ಮತ್ತೆ ಹರಿಯಬಹುದು, ಹಾಗೆಲ್ಲ ಆಗುವುದುಂಟು ಎಂದು ಡಾಕ್ಟರೇ ಕಾಗದದಲ್ಲಿ ಬರೆದು ಸಹಿ ಮಾಡಿಸಿಕೊಂಡಿದ್ದರು. ಒಂದು ವೇಳೆ ಆದರೆ? ಈ ಬೂಟು ಮನೆಯಲ್ಲಿದ್ದು ಆದರೆ, ನಾನು ಅವ್ವನ ಮುಖ ಹೇಗೆ ನೋಡಲಿ, ನನ್ನ ಮುಖ ನಾನು ಹೇಗೆ ನೋಡಿಕೊಳ್ಳಲಿ? ನನಗೆ ಭಯವಾಯಿತು.

ನಾನು ನೆಟ್ಟಗೆ ನಿಂತೆ. ಕೈ ಖಾಲಿ.

"ಅಪ್ಪ?"

"ಮಂಡಿ ವಾಸಿಯಾಗ್ಲಿ ಕಣವ್ವ" ಎಂದೆ. ಎಂಥ ಮಾತು! ಮಂಡಿ ವಾಸಿಯಾಗುವ ಹೊತ್ತಿಗೆ ಇದು ಬೂದಿಯಾಗಿರುತ್ತದೆ ಎಂದು ನನಗೂ ಗೊತ್ತು, ಅವಳಿಗೂ ಗೊತ್ತು.

ಅವಳು ನನ್ನ ಮುಖವನ್ನೇ ನೋಡಿದಳು. ಸಿಟ್ಟು ಬಂದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳಿಗೆ ಸಿಟ್ಟು ಬಂದಿರಲಿಲ್ಲ, ಆಶ್ಚರ್ಯವಾಗಿತ್ತು. ಇಷ್ಟು ದಿನ ನೋಡಿದ ಅಪ್ಪ ಬೇರೆ, ಇವನು ಬೇರೆ ಎಂಬಂತೆ ನೋಡುತ್ತಿದ್ದಳು.

"ನೀನೂನಾ ಅಪ್ಪ?"

ದೂರದ ಏರಿಯಿಂದ ಇಳಿಯುತ್ತಿದ್ದ ಟ್ರ್ಯಾಕ್ಟರಿನ ಸದ್ದು ಕೇಳಿಸಿತು.

"ಪರ್ವಾಗಿಲ್ಲ. ನಾನೇ ತಗೋತೀನಿ" ಎಂದು ಅವಳು ಊರುಗೋಲನ್ನು ಮುಂದೆ ಚಾಚಿ ಅದರ ತುದಿಯಿಂದ ಲೇಸನ್ನು ಸಿಕ್ಕಿಸಲು ನೋಡಿದಳು. ಸಿಕ್ಕಲಿಲ್ಲ. ಒಂದು ಬೂಟು ಮಗುಚಿ ಕೆಳಗಿನ ಮೆಟ್ಟಿಲಿಗೆ ಜಾರಿತು. ಇನ್ನೂ ಮುಂದಕ್ಕೆ ಬಾಗಿದಳು. ಬೀಳುತ್ತಾಳೆಂದು ನಾನು ಅವಳ ತೋಳು ಹಿಡಿದೆ.

"ಬಗ್ಗಬ್ಯಾಡ ಕಣವ್ವ. ಡಾಕ್ಟ್ರು ಬ್ಯಾಡ ಅಂದವ್ರೆ."

"ಒಂದೇ ಒಂದು ಸಲ ಅಪ್ಪ. ಅಮ್ಮಂದು ಅಪ್ಪ."

"ಗೊತ್ತು ಕಣವ್ವ."

"ಗೊತ್ತಿದ್ರೆ ಬಿಡು."

ಟ್ರ್ಯಾಕ್ಟರ್ ಗುಡಿಯ ಮುಂದೆ ಬಂದು ನಿಂತಿತು. ಇಬ್ಬರು ಗುದ್ದಲಿ, ಮಂಕರಿ ಹಿಡಿದು ಇಳಿದು, ರಾಶಿಯ ಆ ತುದಿಯಿಂದ ತುಂಬತೊಡಗಿದರು. ಸಿಂಧು ನನ್ನ ಹಿಡಿತ ಬಿಡಿಸಿಕೊಳ್ಳಲು ಎಳೆದಳು. ಆಟಗಾರ್ತಿಯ ತೋಳು, ಬಲವಾಗಿತ್ತು. ಆದರೆ ಒಂಟಿಕಾಲಲ್ಲಿ ನಿಂತವಳು ಎಷ್ಟು ಎಳೆದಾಳು?

"ಬಿಡಪ್ಪ" ಎಂದು ಅತ್ತಳು. "ಕೈ ಬಿಡಪ್ಪ."

ಅವರು ಈ ತುದಿಗೆ ಬರುವವರೆಗೂ ನಾನು ಬಿಡಲಿಲ್ಲ.